ಟ್ಯಾಬ್‌ನಲ್ಲಿ ಜಾಗ ಇಲ್ಲ, ಫೋಟೊ ಅಳಿಸಲು ಭಯ: ಪದೇ ಪದೇ ಕೇಳುವ ಪ್ರಶ್ನೆಗಳು

2020–21ರಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅಂತ ತುಂಬಾ ಮನೆಗಳಿಗೆ ಟ್ಯಾಬ್ ಬಂತು. ಮಕ್ಕಳು ಶಾಲೆಗೆ ವಾಪಸ್ ಹೋದರು, ಟ್ಯಾಬ್ ಅಜ್ಜ ಅಜ್ಜಿಯ ಕೈಗೆ ಬಂತು. ಪರದೆ ದೊಡ್ಡದು, ಮೊಮ್ಮಕ್ಕಳ ಮುಖ ಚೆನ್ನಾಗಿ ಕಾಣುತ್ತದೆ. ಹೀಗೆ ಅದೇ ಮನೆಯ ಆಲ್ಬಮ್ ಆಗಿಬಿಟ್ಟಿತು. ಆದರೆ ಅದರಲ್ಲಿ ಜಾಗ ಕಡಿಮೆ. ತುಂಬಿದಾಗ ಯಾವುದನ್ನು ಅಳಿಸಬಹುದು, ಯಾವುದನ್ನು ಮುಟ್ಟಬಾರದು ಎಂದು ಗೊತ್ತಾಗುವುದಿಲ್ಲ.

ನೆಂಟರು, ಅಕ್ಕಪಕ್ಕದವರು ಕೇಳಿದ ಪ್ರಶ್ನೆಗಳು, ಪತ್ರದಲ್ಲಿ ಬಂದ ಪ್ರಶ್ನೆಗಳು ಇಲ್ಲಿವೆ. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಆಂಡ್ರಾಯ್ಡ್ ಟ್ಯಾಬ್ ಇದ್ದವರು ಗೂಗಲ್ ಫೋಟೋಸ್, ಐಪ್ಯಾಡ್ ಇದ್ದವರು ಐಕ್ಲೌಡ್ ಫೋಟೋಸ್ ಬಳಸುತ್ತಾರೆ ಎಂದುಕೊಂಡು ಉತ್ತರ ಬರೆದಿದ್ದೇನೆ.

## ಮೊದಲು ಇಷ್ಟು ತಿಳಿದಿರಲಿ

ಕ್ಲೌಡ್ ಅಂತಾರಲ್ಲ, ನನ್ನ ಫೋಟೊ ನಿಜವಾಗ್ಲೂ ಇರೋದು ಎಲ್ಲಿ?

ಆ ಕಂಪನಿಯ ದೊಡ್ಡ ದೊಡ್ಡ ಕಂಪ್ಯೂಟರ್‌ಗಳಲ್ಲಿ. ಅಲ್ಲಿ ನಿಮ್ಮ ಹೆಸರಿನಲ್ಲಿ ಒಂದು ಲಾಕರ್ ಇದೆ ಅಂದುಕೊಳ್ಳಿ. ಅದರ ಬೀಗದ ಕೈ ನಿಮ್ಮ ಜಿಮೇಲ್ ವಿಳಾಸ ಅಥವಾ ಆಪಲ್ ಅಕೌಂಟ್, ಜೊತೆಗೆ ಪಾಸ್‌ವರ್ಡ್. ಟ್ಯಾಬ್ ಕೆಟ್ಟರೂ, ಕಳೆದರೂ ಆ ಬೀಗದ ಕೈ ಇದ್ದರೆ ಫೋಟೊ ಸಿಗುತ್ತದೆ. ಪಾಸ್‌ವರ್ಡ್ ಮರೆತು, ಅಕೌಂಟ್‌ಗೆ ಕೊಟ್ಟಿದ್ದ ಮೊಬೈಲ್ ನಂಬರ್ ಕೂಡ ಬದಲಾಗಿದ್ದರೆ ಕಷ್ಟ. ಅಂಗಡಿಯವರು ಟ್ಯಾಬ್ ಮಾರುವಾಗಲೇ ಯಾವುದೋ ಒಂದು ಅಕೌಂಟ್ ತೆರೆದುಕೊಟ್ಟು, ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅನ್ನುವುದನ್ನು ತುಂಬಾ ಸಲ ನೋಡಿದ್ದೇನೆ. ನಿಮ್ಮದೂ ಹಾಗೇ ಆಗಿದ್ದರೆ, ಮುಂದಿನದೆಲ್ಲ ಓದುವ ಮೊದಲು ಅದನ್ನು ಸರಿಮಾಡಿಕೊಳ್ಳಿ.

ಬ್ಯಾಕಪ್ ಅಂದ್ರೂ ಸಿಂಕ್ ಅಂದ್ರೂ ಒಂದೇ ಅಲ್ವಾ?

ಅಲ್ಲ. ಫೋಟೊ ಕಳೆದುಕೊಂಡವರಲ್ಲಿ ಹೆಚ್ಚಿನವರು ಜಾರಿದ್ದು ಇಲ್ಲೇ.

ಬ್ಯಾಕಪ್ ಅಂದರೆ ಪಹಣಿಯ ಜೆರಾಕ್ಸ್ ತೆಗೆಸಿ ಅಣ್ಣನ ಮನೆಯಲ್ಲಿ ಇಟ್ಟ ಹಾಗೆ. ನಿಮ್ಮ ಕೈಲಿರುವುದು ಹರಿದರೂ ಅಲ್ಲಿ ಒಂದು ಇದೆ. ಸಿಂಕ್ ಹಾಗಲ್ಲ. ತಾರಸಿ ಮೇಲೆ ಒಂದೇ ಟ್ಯಾಂಕ್, ಅಡುಗೆಮನೆಯಲ್ಲಿ ಒಂದು ನಲ್ಲಿ, ಬಚ್ಚಲಲ್ಲಿ ಒಂದು ನಲ್ಲಿ. ಯಾವ ನಲ್ಲಿ ಬಿಟ್ಟರೂ ಖಾಲಿಯಾಗುವುದು ಅದೇ ಟ್ಯಾಂಕ್. ಐಕ್ಲೌಡ್ ಫೋಟೋಸ್ ಪೂರ್ತಿ ಸಿಂಕ್. ಐಪ್ಯಾಡ್‌ನಲ್ಲಿ ಅಳಿಸಿದರೆ ಅದೇ ಅಕೌಂಟ್ ಇರುವ ಐಫೋನ್‌ನಲ್ಲೂ ಇರುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಎರಡರ ಗುಣವೂ ಇದೆ. ಮೇಲೆ, ಅಂದರೆ ಕ್ಲೌಡ್‌ಗೆ, ಹೋದದ್ದು ಬ್ಯಾಕಪ್ ಪ್ರತಿಯೇ. ಆದರೆ ಆ ಆ್ಯಪ್ ಒಳಗಿನಿಂದ ಮಾಮೂಲಿ ಡಿಲೀಟ್ ಒತ್ತಿದರೆ ಎರಡೂ ಕಡೆಯದು ಹೋಗುತ್ತದೆ.

ನಮ್ಮ ಚಿಕ್ಕಮ್ಮ ಒಮ್ಮೆ ಟ್ಯಾಬ್‌ನಲ್ಲಿ ಜಾಗ ಮಾಡಲು ಮೊಮ್ಮಗಳ ನಾಮಕರಣದ ಫೋಟೊಗಳನ್ನು ಅಳಿಸಿದರು. "ಮೇಲೆ ಇದೆಯಲ್ಲ" ಅನ್ನುವ ಧೈರ್ಯ. ಮೂರು ವಾರ ಆದ ಮೇಲೆ ಮಗ ತನ್ನ ಫೋನ್‌ನಲ್ಲಿ ಹುಡುಕಿದರೆ ಒಂದೂ ಇಲ್ಲ. ಇಬ್ಬರದೂ ಒಂದೇ ಅಕೌಂಟ್ ಆಗಿತ್ತು. ಕಸದ ಬುಟ್ಟಿಯಲ್ಲಿ ಇನ್ನೂ ಉಳಿದಿದ್ದವು, ವಾಪಸ್ ತಂದೆವು. ಇನ್ನೂ ತಡವಾಗಿದ್ದರೆ ಸಿಗುತ್ತಿರಲಿಲ್ಲ. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಅಳಿಸುವ ಮೊದಲು ಇನ್ನೊಂದು ಪ್ರತಿ ಎಲ್ಲಿದೆ ಅಂತ ಕಣ್ಣಾರೆ ನೋಡಿ.

ಫೋಟೊ ಎಲ್ಲಾ ಮೇಲೆ ಹೋಗಿದೆ. ಆದ್ರೂ ಟ್ಯಾಬ್ ಫುಲ್ ಅಂತ ಯಾಕೆ ಬರುತ್ತೆ?

ಮೇಲೆ ಹೋಗಿದ್ದು ನಕಲು. ಟ್ಯಾಬ್‌ನಲ್ಲಿದ್ದದ್ದು ಅಲ್ಲೇ ಇದೆ. ನೀವಾಗಿ ಹೇಳದೆ ಅದು ಜಾಗ ಬಿಡುವುದಿಲ್ಲ.

ಜಾಗ ಎರಡು ಬೇರೆ ಬೇರೆ ಕಡೆ ಇದೆ ಅನ್ನುವುದು ನೆನಪಿರಲಿ. "ಟ್ಯಾಬ್ ಸ್ಟೋರೇಜ್ ಫುಲ್" ಅಂದರೆ ಕೈಯಲ್ಲಿರುವ ಸಾಧನದ್ದು. "ಗೂಗಲ್ ಸ್ಟೋರೇಜ್ ಫುಲ್" ಅಥವಾ "ಐಕ್ಲೌಡ್ ಫುಲ್" ಅಂದರೆ ಮೇಲಿನ ಲಾಕರ್‌ನದ್ದು. ಒಂದಕ್ಕೆ ಮಾಡಬೇಕಾದ ಮದ್ದನ್ನು ಇನ್ನೊಂದಕ್ಕೆ ಮಾಡಿದರೆ ಏನೂ ಸರಿಹೋಗುವುದಿಲ್ಲ. ಕ್ಲೌಡ್‌ಗೆ ದುಡ್ಡು ಕಟ್ಟಿ "ಟ್ಯಾಬ್ ಇನ್ನೂ ಫುಲ್ ಅಂತಿದೆ" ಎಂದು ಬೇಜಾರಾದವರು ಬಹಳ ಜನ. 32 ಜಿಬಿ ಟ್ಯಾಬ್ ಅಂದರೂ ಅದರಲ್ಲಿ ದೊಡ್ಡ ಪಾಲು ಸಿಸ್ಟಮ್‌ಗೇ ಹೋಗಿರುತ್ತದೆ. ಉಳಿದದ್ದರಲ್ಲಿ ಆ್ಯಪ್‌ಗಳು, ವಾಟ್ಸಾಪ್ ವಿಡಿಯೊಗಳು, ಆಮೇಲೆ ಫೋಟೊ. ಸೆಟ್ಟಿಂಗ್ಸ್ ಒಳಗೆ ಸ್ಟೋರೇಜ್ ತೆರೆದರೆ ಯಾವುದು ಎಷ್ಟು ತಿಂದಿದೆ ಅಂತ ಕಾಣುತ್ತದೆ. ಮೊದಲು ಅದನ್ನು ನೋಡಿ. ಫೋಟೊಗಳ ತಪ್ಪೇ ಇರಲಿಕ್ಕಿಲ್ಲ.

ಫ್ರೀಯಾಗಿ ಎಷ್ಟು ಜಾಗ ಸಿಗುತ್ತೆ? ಮೊದಲು ಲೆಕ್ಕವೇ ಇರಲಿಲ್ಲ ಅಲ್ವಾ?

ಗೂಗಲ್‌ನಲ್ಲಿ 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. ಆಪಲ್‌ನಲ್ಲಿ 5 ಜಿಬಿ. ಒಂದು ಫೋಟೊಗೆ 3 ಎಂಬಿ ಅಂತ ಹಿಡಿದರೆ 15 ಜಿಬಿಗೆ ಸುಮಾರು 5,000 ಫೋಟೊ, 5 ಜಿಬಿಗೆ 1,600ರಷ್ಟು.

ನೀವು ಹೇಳಿದ್ದು ಸರಿ. ಗೂಗಲ್ ಫೋಟೋಸ್ 2015ರಲ್ಲಿ ಶುರುವಾದಾಗ ಸ್ವಲ್ಪ ಕುಗ್ಗಿಸಿದ ಫೋಟೊಗಳಿಗೆ ಮಿತಿಯೇ ಇರಲಿಲ್ಲ. ಅದು 2021ರ ಜೂನ್ 1ಕ್ಕೆ ನಿಂತಿತು. ಅದಕ್ಕಿಂತ ಮೊದಲು "ಹೈ ಕ್ವಾಲಿಟಿ"ಯಲ್ಲಿ ಏರಿಸಿದ ಫೋಟೊಗಳು ಈಗಲೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಜಾಗಕ್ಕೋಸ್ಕರ ಆ ಹಳೆಯ ಫೋಟೊಗಳನ್ನು ಅಳಿಸಬೇಡಿ. ಒಂದು ಎಂಬಿಯೂ ಸಿಗುವುದಿಲ್ಲ.

## ಟ್ಯಾಬ್‌ನಲ್ಲಿ ಜಾಗ ಮಾಡಬೇಕು

ಟ್ಯಾಬ್‌ನ್ಯಾಗ ಅಳಿಸಿದ್ರ ಮ್ಯಾಲಿಂದೂ ಹೋಗ್ತಾವೇನ್ರಿ?

ಎಲ್ಲಿಂದ ಅಳಿಸುತ್ತೀರಿ ಅನ್ನುವುದರ ಮೇಲಿದೆ.

ಆಂಡ್ರಾಯ್ಡ್‌ನಲ್ಲಿ ಗೂಗಲ್ ಫೋಟೋಸ್ ತೆರೆದು ಡಿಲೀಟ್ ಒತ್ತಿದರೆ ಹೌದು, ಮೇಲಿನದೂ ಹೋಗುತ್ತದೆ. ಅದೇ ಆ್ಯಪ್‌ನಲ್ಲಿ "ಡಿಲೀಟ್ ಫ್ರಮ್ ಡಿವೈಸ್" ಅಂತ ಬೇರೆ ಆಯ್ಕೆ ಇದೆ. ಅದನ್ನು ಒತ್ತಿದರೆ ಟ್ಯಾಬ್‌ನ ಪ್ರತಿ ಮಾತ್ರ ಹೋಗುತ್ತದೆ, ಮೇಲಿನದು ಉಳಿಯುತ್ತದೆ. ಒಂದೊಂದೇ ಫೋಟೊಗೆ ಇದು ಒಳ್ಳೆಯ ದಾರಿ. ಟ್ಯಾಬ್ ಜೊತೆ ಬಂದ ಗ್ಯಾಲರಿ ಆ್ಯಪ್‌ನಿಂದ ಅಳಿಸಿದರೂ, ಆಗಲೇ ಬ್ಯಾಕಪ್ ಆಗಿದ್ದರೆ, ಗೂಗಲ್‌ನಲ್ಲಿರುವುದು ಉಳಿಯುತ್ತದೆ. ಆದರೆ ಆ ಗ್ಯಾಲರಿಯನ್ನೇ ಒನ್‌ಡ್ರೈವ್‌ನಂಥ ಬೇರೆ ಕ್ಲೌಡ್‌ಗೆ ಸಿಂಕ್ ಮಾಡಿದ್ದರೆ ಅಲ್ಲಿನದು ಹೋಗುತ್ತದೆ. ಐಪ್ಯಾಡ್‌ನಲ್ಲಿ ಐಕ್ಲೌಡ್ ಫೋಟೋಸ್ ಆನ್ ಇದ್ದರೆ ಉತ್ತರ ಒಂದೇ: ಎಲ್ಲಾ ಕಡೆಯಿಂದ ಹೋಗುತ್ತದೆ.

ಗೂಗಲ್ ಫೋಟೋಸ್‌ನ "ಫ್ರೀ ಅಪ್ ಸ್ಪೇಸ್" ಒತ್ತೋಕೆ ಕೈ ನಡುಗುತ್ತೆ. ಒತ್ತಬಹುದಾ?

ಆಂಡ್ರಾಯ್ಡ್ ಟ್ಯಾಬ್ ಆದರೆ ಒತ್ತಬಹುದು. ಈಗಾಗಲೇ ಮೇಲೆ ಹೋಗಿರುವ ಫೋಟೊಗಳನ್ನು ಮಾತ್ರ ಅದು ಟ್ಯಾಬ್‌ನಿಂದ ತೆಗೆಯುತ್ತದೆ. ಆಮೇಲೂ ಗೂಗಲ್ ಫೋಟೋಸ್‌ನಲ್ಲಿ ಎಲ್ಲವೂ ಕಾಣುತ್ತವೆ, ಇಂಟರ್ನೆಟ್ ಇರಬೇಕು ಅಷ್ಟೇ.

ಆದರೂ ಮೊದಲು ಐದು ನಿಮಿಷ ಕೊಡಿ. ಆ್ಯಪ್‌ನ ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ, ಬ್ಯಾಕಪ್ ಮುಗಿದಿದೆ ಅಂತ ಬರುತ್ತಿದೆಯಾ ನೋಡಿ. ಆಮೇಲೆ ಬೇರೆ ಫೋನ್‌ನಲ್ಲೋ ಕಂಪ್ಯೂಟರ್‌ನಲ್ಲೋ ಅದೇ ಅಕೌಂಟ್ ತೆರೆದು ಮೂರು ಫೋಟೊ ಹುಡುಕಿ. ನಿನ್ನೆಯದು ಒಂದು, ಹೋದ ವರ್ಷದ್ದು ಒಂದು, ಒಂದು ವಿಡಿಯೊ. ಮೂರೂ ತೆರೆದರೆ ಧೈರ್ಯವಾಗಿ ಒತ್ತಿ. ಟ್ಯಾಬ್‌ನಲ್ಲೇ ನೋಡಿದರೆ ಸಾಲದು, ಅಲ್ಲಿ ಕಾಣುತ್ತಿರುವುದು ಟ್ಯಾಬ್‌ನ ಪ್ರತಿಯೂ ಇರಬಹುದು.

ಐಪ್ಯಾಡ್‌ನಲ್ಲಿ ಐಕ್ಲೌಡೂ ಆನ್, ಗೂಗಲ್ ಫೋಟೋಸೂ ಆನ್. ಎರಡಿದ್ರೆ ಇನ್ನೂ ಒಳ್ಳೇದಲ್ವಾ?

ಎರಡು ಕಡೆ ಪ್ರತಿ ಇರುವುದು ಒಳ್ಳೆಯದೇ. ಆದರೆ ಇಲ್ಲಿ "ಫ್ರೀ ಅಪ್ ಸ್ಪೇಸ್" ಮಾತ್ರ ಒತ್ತಬೇಡಿ. ಗೂಗಲ್ ಐಪ್ಯಾಡ್‌ನಿಂದ ಫೋಟೊ ತೆಗೆದರೆ, ಐಕ್ಲೌಡ್ ಅದನ್ನು ನೀವೇ ಅಳಿಸಿದ್ದು ಅಂದುಕೊಳ್ಳುತ್ತದೆ. ಐಕ್ಲೌಡ್‌ನಿಂದಲೂ, ಮನೆಯವರ ಐಫೋನ್ ಅದೇ ಅಕೌಂಟ್‌ನಲ್ಲಿದ್ದರೆ ಅದರಿಂದಲೂ ಫೋಟೊ ಮಾಯವಾಗುತ್ತದೆ. ಗೂಗಲ್‌ನಲ್ಲಿರುವ ಒಂದೇ ಪ್ರತಿ ಉಳಿಯುತ್ತದೆ. ಅದೂ ಕುಗ್ಗಿಸಿದ್ದಾಗಿದ್ದರೆ ಮೂಲ ಗುಣಮಟ್ಟ ಹೋಯಿತು ಅಂತಲೇ ಲೆಕ್ಕ. ಜಾಗ ಬೇಕಿದ್ದರೆ ಮುಂದಿನ ಪ್ರಶ್ನೆಯಲ್ಲಿರುವ ದಾರಿ ಹಿಡಿಯಿರಿ.

"ಆಪ್ಟಿಮೈಜ್ ಐಪ್ಯಾಡ್ ಸ್ಟೋರೇಜ್" ಹಾಕಿದ ಮೇಲೆ ಫೋಟೊ ಮೊದಲು ಮಸುಕಾಗಿ ಕಾಣುತ್ತೆ. ಹಾಳಾಯ್ತಾ?

ಇಲ್ಲ, ಏನೂ ಹಾಳಾಗಿಲ್ಲ. ಆ ಆಯ್ಕೆ ಹಾಕಿದರೆ ಮೂಲ ಫೋಟೊ ಐಕ್ಲೌಡ್‌ನಲ್ಲಿ ಇರುತ್ತದೆ. ಜಾಗ ಕಡಿಮೆಯಾದಾಗ ಐಪ್ಯಾಡ್ ತನ್ನಲ್ಲಿ ಚಿಕ್ಕ ಪ್ರತಿ ಮಾತ್ರ ಇಟ್ಟುಕೊಳ್ಳುತ್ತದೆ. ತೆರೆದಾಗ ದೊಡ್ಡದನ್ನು ಇಳಿಸಿಕೊಳ್ಳುತ್ತದೆ. ಆ ಒಂದೆರಡು ಕ್ಷಣ ಮಸುಕು. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು, ಐಕ್ಲೌಡ್, ಫೋಟೋಸ್ ಅಂತ ಹೋದರೆ ಇದು ಸಿಗುತ್ತದೆ. ನೆಟ್‌ವರ್ಕ್ ಇಲ್ಲದ ಊರಿಗೆ ಹೋಗುವ ಮೊದಲು, ತೋರಿಸಬೇಕಾದ ಫೋಟೊಗಳನ್ನು ಒಂದು ಸಲ ತೆರೆದು ನೋಡಿಕೊಂಡು ಹೋಗಿ.

ರಾಶಿ ಫೋಟೊ ಅಳಿಸಿದೆ. ಜಾಗ ಮಾತ್ರ ಹಾಗೇ ಇದೆ. ಯಾಕೆ?

ಕಸದ ಬುಟ್ಟಿಯಲ್ಲಿ ಕೂತಿವೆ. ಐಪ್ಯಾಡ್‌ನ "ರೀಸೆಂಟ್ಲಿ ಡಿಲೀಟೆಡ್"ನಲ್ಲಿ 30 ದಿನ ಇರುತ್ತವೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಫೋಟೊ 60 ದಿನ, ಆಗದೇ ಇದ್ದದ್ದು 30 ದಿನ. ತಕ್ಷಣ ಜಾಗ ಬೇಕಿದ್ದರೆ ಬುಟ್ಟಿ ಖಾಲಿ ಮಾಡಿ. ಆದರೆ ಒಂದು ಸಲ ಪೂರ್ತಿ ಕಣ್ಣಾಡಿಸಿ. ಅಲ್ಲಿಂದ ಹೋದರೆ ಮತ್ತೆ ಬರುವುದಿಲ್ಲ.

ವಾಟ್ಸಾಪ್ ಗುಡ್ ಮಾರ್ನಿಂಗ್ ಚಿತ್ರಗಳೇ ಸಾವಿರಾರು ಇವೆ. ಒಂದೊಂದೇ ಅಳಿಸೋಕೆ ಆಗಲ್ಲ. ಏನು ಮಾಡ್ಲಿ?

ಒಂದೊಂದೇ ಅಳಿಸಬೇಡಿ. ಮೊದಲು ಬರುವ ದಾರಿ ಮುಚ್ಚಿ. ವಾಟ್ಸಾಪ್ ಸೆಟ್ಟಿಂಗ್ಸ್‌ನ "ಸ್ಟೋರೇಜ್ ಅಂಡ್ ಡೇಟಾ"ದಲ್ಲಿ ಫೋಟೊ ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಆಮೇಲೆ ಬೇಕಾದದ್ದನ್ನು ಒತ್ತಿದರೆ ಮಾತ್ರ ಇಳಿಯುತ್ತದೆ. "ಮೀಡಿಯಾ ವಿಸಿಬಿಲಿಟಿ" ಆಫ್ ಮಾಡಿದರೆ ಹೊಸದಾಗಿ ಬಂದ ಚಿತ್ರಗಳು ಗ್ಯಾಲರಿಯಲ್ಲಿ ಕಾಣುವುದಿಲ್ಲ.

ಇರುವುದನ್ನು ತೆಗೆಯಲು ಅದೇ ಜಾಗದಲ್ಲಿ "ಮ್ಯಾನೇಜ್ ಸ್ಟೋರೇಜ್" ಇದೆ. ಬಹಳ ಸಲ ಫಾರ್ವರ್ಡ್ ಆದದ್ದನ್ನೂ 5 ಎಂಬಿಗಿಂತ ದೊಡ್ಡದನ್ನೂ ಅದು ಬೇರೆ ಮಾಡಿ ತೋರಿಸುತ್ತದೆ. ಒಟ್ಟಿಗೆ ಆರಿಸಿ ಅಳಿಸಬಹುದು. ಕುಟುಂಬದ ಗುಂಪು ಬಂದಾಗ ಮಾತ್ರ ನಿಧಾನ ಮಾಡಿ. ಮದುವೆ ಫೋಟೊ ಎಷ್ಟೋ ಮನೆಗಳಲ್ಲಿ ಇರುವುದು ವಾಟ್ಸಾಪ್‌ನಲ್ಲಿ ಮಾತ್ರ. ಕೊನೆಯದಾಗಿ, ಗೂಗಲ್ ಫೋಟೋಸ್‌ನ ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ ಯಾವ ಯಾವ ಫೋಲ್ಡರ್ ಮೇಲೆ ಹೋಗಬೇಕು ಅಂತ ಆರಿಸುವ ಜಾಗ ಇದೆ. ಅಲ್ಲಿ ವಾಟ್ಸಾಪ್ ಫೋಲ್ಡರ್ ಆಫ್ ಇದ್ದರೆ ಶುಭೋದಯದ ಹೂವುಗಳು ನಿಮ್ಮ 15 ಜಿಬಿ ತಿನ್ನುವುದಿಲ್ಲ. ಬೇಕಾದ ನಾಲ್ಕು ಫೋಟೊಗಳನ್ನು ನೀವೇ ಕೈಯಾರೆ ಬ್ಯಾಕಪ್ ಮಾಡಬಹುದು.

ಎಸ್‌ಡಿ ಕಾರ್ಡ್ ಹಾಕಿಬಿಟ್ರೆ ಈ ಗೋಳೇ ಇರಲ್ಲ ಅಲ್ವಾ?

ಕಾರ್ಡ್ ಹಾಕುವ ಜಾಗ ಇರುವ ಆಂಡ್ರಾಯ್ಡ್ ಟ್ಯಾಬ್ ಆದರೆ ಟ್ಯಾಬ್‌ನ ಜಾಗದ ಚಿಂತೆ ಕಡಿಮೆಯಾಗುತ್ತದೆ. ಫೋಟೊ ಭದ್ರ ಆಗುವುದಿಲ್ಲ. ಕಾರ್ಡ್ ಕೂಡ ಕೆಡುತ್ತದೆ, ಹೇಳದೆ ಕೇಳದೆ ಕೆಡುತ್ತದೆ. ಕಾರ್ಡ್‌ಗೆ ಹಾಕಿದ ಫೋಟೊಗಳು ಕ್ಲೌಡ್‌ಗೂ ಹೋಗುತ್ತಿವೆಯಾ ನೋಡಿಕೊಳ್ಳಿ. ಐಪ್ಯಾಡ್‌ನಲ್ಲಿ ಕಾರ್ಡ್ ಜಾಗ ಇಲ್ಲ.

## ಕ್ಲೌಡ್‌ನಲ್ಲೇ ಜಾಗ ತುಂಬಿದೆ

15 ಜಿಬಿ ಮುಗೀತು. ಈಗ ಮೇಲ್ ಕೂಡ ಬರ್ತಿಲ್ಲ!

ಗಾಬರಿ ಬೇಡ, ಆದರೆ ಇವತ್ತೇ ನೋಡಿ. ಮೂರಕ್ಕೂ ಒಂದೇ ಜಾಗ ಆದ್ದರಿಂದ ಫೋಟೊ ತುಂಬಿದರೆ ಜಿಮೇಲ್‌ಗೆ ಮೇಲ್ ಬರುವುದೂ ಹೋಗುವುದೂ ನಿಲ್ಲುತ್ತದೆ. ಬ್ಯಾಂಕ್ ಮೇಲ್, ಟಿಕೆಟ್ ಎಲ್ಲಾ ಅದರಲ್ಲೇ ತಾನೇ ಬರುವುದು?

ಬೇಗ ಜಾಗ ಸಿಗುವುದು ವಿಡಿಯೊಗಳಿಂದ. ಗೂಗಲ್ ಫೋಟೋಸ್‌ನ "ಮ್ಯಾನೇಜ್ ಸ್ಟೋರೇಜ್" ಒಳಗೆ ದೊಡ್ಡ ಫೈಲ್‌ಗಳು, ಮಸುಕಾದ ಫೋಟೊಗಳು, ಸ್ಕ್ರೀನ್‌ಶಾಟ್‌ಗಳು ಬೇರೆ ಬೇರೆಯಾಗಿ ಕಾಣುತ್ತವೆ. ದೊಡ್ಡದರಿಂದ ಶುರುಮಾಡಿ. ಜೇಬಿನಲ್ಲಿದ್ದಾಗ ತಾನಾಗಿ ರೆಕಾರ್ಡ್ ಆದ ಹತ್ತು ನಿಮಿಷದ ಕತ್ತಲೆ ವಿಡಿಯೊ ಒಂದಾದರೂ ಸಿಕ್ಕೇ ಸಿಗುತ್ತದೆ. ಆಂಡ್ರಾಯ್ಡ್‌ನ ವಾಟ್ಸಾಪ್ ಚಾಟ್ ಬ್ಯಾಕಪ್ ಕೂಡ ಈಗ ಇದೇ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ವಿಡಿಯೊ ಸೇರಿಸುವುದನ್ನು ಆಫ್ ಮಾಡಿದರೆ ಜಾಸ್ತಿ ಉಳಿಯುತ್ತದೆ.

ಒರಿಜಿನಲ್ ಕ್ವಾಲಿಟಿ ಬೇಕಾ, ಸ್ಟೋರೇಜ್ ಸೇವರ್ ಸಾಕಾ?

ಗೂಗಲ್ ಫೋಟೋಸ್‌ನ ಸ್ಟೋರೇಜ್ ಸೇವರ್ ಫೋಟೊವನ್ನು ಸ್ವಲ್ಪ ಕುಗ್ಗಿಸುತ್ತದೆ. 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದಿದ್ದರೆ 16ಕ್ಕೆ ಇಳಿಸುತ್ತದೆ. 1080ಪಿಗಿಂತ ಹೆಚ್ಚಿನ ವಿಡಿಯೊವನ್ನು 1080ಪಿಗೆ ಇಳಿಸುತ್ತದೆ. ಗೋಡೆಗೆ ಹಾಕುವ ಫೋಟೊ ಪ್ರಿಂಟ್‌ಗೂ 16 ಮೆಗಾಪಿಕ್ಸೆಲ್ ಸಾಕು. ಮನೆಯ ಟ್ಯಾಬ್‌ಗೆ ನಾನು ಇದನ್ನೇ ಹಾಕಿಕೊಡುತ್ತೇನೆ. ಫೋಟೊ ತೆಗೆಯುವುದೇ ಕೆಲಸವಾಗಿದ್ದವರು ಮಾತ್ರ ಒರಿಜಿನಲ್ ಇಟ್ಟುಕೊಳ್ಳಲಿ.

ಇದಕ್ಕಿಂತ ಹೆಚ್ಚು ಜಾಗ ಉಳಿಸುವುದು ಕ್ಯಾಮೆರಾ ಸೆಟ್ಟಿಂಗ್. ಐಪ್ಯಾಡ್‌ನಲ್ಲಿ ಒಂದು ನಿಮಿಷದ 4ಕೆ ವಿಡಿಯೊ ಸುಮಾರು 170 ಎಂಬಿ, 1080ಪಿ ಆದರೆ ಸುಮಾರು 60 ಎಂಬಿ. ಶಾಲಾ ವಾರ್ಷಿಕೋತ್ಸವದ ಅರ್ಧ ಗಂಟೆಯ ಡ್ಯಾನ್ಸ್‌ಗೆ ಇದನ್ನು ಗುಣಿಸಿ ನೋಡಿ: 5 ಜಿಬಿ ಒಂದು ಕಡೆ, 2 ಜಿಬಿಯೂ ಆಗದ್ದು ಇನ್ನೊಂದು ಕಡೆ.

ದುಡ್ಡು ಕೊಟ್ಟು ಜಾಗ ತಗೊಳ್ಳೋದು ಸರಿನಾ? ಆಮೇಲೆ ನಿಲ್ಲಿಸಿದ್ರೆ ಫೋಟೊ ಹೋಗುತ್ತಾ?

ಮೇಲಿನದೆಲ್ಲ ಮಾಡಿದ ಮೇಲೂ ತುಂಬುತ್ತಿದ್ದರೆ ತಗೊಳ್ಳಿ. ಪುಟ್ಟ ಮಗು ಇರುವ ಮನೆಯಲ್ಲಿ ಹೇಗೂ ತುಂಬುತ್ತದೆ. ಒಬ್ಬೊಬ್ಬರೂ ಬೇರೆ ಬೇರೆ ಕಟ್ಟಬೇಕಿಲ್ಲ. ಗೂಗಲ್ ಆಗಲಿ ಆಪಲ್ ಆಗಲಿ, ಒಬ್ಬರು ಕೊಂಡ ಜಾಗವನ್ನು ಕುಟುಂಬದ ಇನ್ನೂ 5 ಜನರ ಜೊತೆ ಹಂಚಿಕೊಳ್ಳಬಹುದು. ಒಬ್ಬರ ಫೋಟೊ ಇನ್ನೊಬ್ಬರಿಗೆ ಕಾಣುವುದಿಲ್ಲ.

ನಿಲ್ಲಿಸಿದ ದಿನವೇ ಫೋಟೊ ಹೋಗುವುದಿಲ್ಲ. ಹೊಸದು ಮೇಲೆ ಹೋಗುವುದು ನಿಲ್ಲುತ್ತದೆ. ಗೂಗಲ್‌ನಲ್ಲಿ 2 ವರ್ಷ ಮಿತಿ ಮೀರಿಯೇ ಇದ್ದರೆ ಅವರು ಅಳಿಸಬಹುದು ಅಂತ ನಿಯಮ ಇದೆ. ಹಾಗಾಗಿ ನಿಲ್ಲಿಸುವ ಮೊದಲು ಎಲ್ಲವನ್ನೂ ಇಳಿಸಿಕೊಳ್ಳಿ.

## ಇನ್ನೂ ಸ್ವಲ್ಪ ಮುಂದಕ್ಕೆ

ಮಗಳು ಅಮೆರಿಕದಲ್ಲಿ, ನಾವು ಶಿವಮೊಗ್ಗದಲ್ಲಿ. ಎಲ್ಲರೂ ಒಂದೇ ಅಕೌಂಟ್ ಹಾಕ್ಕೊಂಡ್ರೆ ಸುಲಭ ಅಲ್ವಾ?

ಸುಲಭ, ಆದರೆ ಬೇಡ. ಇಲ್ಲಿ ಬೆರಳು ತಪ್ಪಿದರೆ ಅಲ್ಲಿ ಅಳಿಸಿಹೋಗುತ್ತದೆ. ಅವರ ಮೇಲ್ ಎಲ್ಲಾ ನಿಮ್ಮ ಟ್ಯಾಬ್‌ಗೆ ಬರುತ್ತದೆ. ಬದಲಿಗೆ ಒಂದು ಶೇರ್ಡ್ ಆಲ್ಬಮ್ ಮಾಡಿಕೊಳ್ಳಿ. ಮಗಳು ಅಲ್ಲಿ ಹಾಕುತ್ತಾರೆ, ನೀವು ಇಲ್ಲಿ ನೋಡುತ್ತೀರಿ. ಸುಮ್ನೆ ನೋಡುವುದಕ್ಕೆ ನಿಮ್ಮ ಕ್ಲೌಡ್ ಜಾಗ ಖರ್ಚಾಗುವುದಿಲ್ಲ. ಗೂಗಲ್‌ನಲ್ಲಿ ನಿಮ್ಮ ಅಕೌಂಟ್‌ಗೆ ಸೇವ್ ಮಾಡಿಕೊಂಡರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಐಕ್ಲೌಡ್‌ನ ಶೇರ್ಡ್ ಆಲ್ಬಮ್‌ನಲ್ಲಿ ಫೋಟೊ ಚಿಕ್ಕದಾಗುತ್ತದೆ, ಉದ್ದದ ಬದಿ 2,048 ಪಿಕ್ಸೆಲ್. ನೋಡಲು ಚೆನ್ನಾಗಿರುತ್ತದೆ. ಆದರೆ ಅದನ್ನು ನಂಬಿ ಮೂಲ ಫೋಟೊ ಅಳಿಸಬಾರದು.

ಶೃಂಗೇರಿ ಕಡೆ ನಮ್ಮನೆ. ನೆಟ್‌ವರ್ಕ್ ಬಂದ್ರೆ ಬಂತು. ಬ್ಯಾಕಪ್ ಮುಗಿಯೋದೇ ಇಲ್ಲ.

ಲೆಕ್ಕ ಹಾಕೋಣ. ಮೇಲೆ ಕಳಿಸುವ ವೇಗ 2 ಎಂಬಿಪಿಎಸ್ ಇದ್ದರೆ 1 ಜಿಬಿಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. 20 ಜಿಬಿಗೆ ಸುಮಾರು 22 ಗಂಟೆ, ನಡುವೆ ಒಮ್ಮೆಯೂ ಕಡಿಯದಿದ್ದರೆ. ಮಳೆಗಾಲದಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಮೊದಲ ಸಲದ ದೊಡ್ಡ ಬ್ಯಾಕಪ್ ಅನ್ನು ಒಳ್ಳೆಯ ವೈಫೈ ಇರುವ ಕಡೆ ಮುಗಿಸಿ. ಹಬ್ಬಕ್ಕೋ ಆಸ್ಪತ್ರೆಗೋ ಬೆಂಗಳೂರಿಗೆ ಮಗನ ಮನೆಗೆ ಹೋದಾಗ ಟ್ಯಾಬ್ ಜೊತೆಗೆ ಇರಲಿ. ರಾತ್ರಿ ಚಾರ್ಜಿಗೆ ಹಾಕಿ ವೈಫೈ ಕೊಟ್ಟು ಮಲಗಿ. ಊರಿಗೆ ಬಂದ ಮೇಲೆ ದಿನಕ್ಕೆ ನಾಲ್ಕು ಹೊಸ ಫೋಟೊ ಹೋಗುವುದು ಕಷ್ಟವಲ್ಲ.

ಎರಡು ವಿಷಯ ನೋಡಿಕೊಳ್ಳಿ. ಬ್ಯಾಟರಿ ಸೇವರ್ ಆನ್ ಇದ್ದರೆ ಬ್ಯಾಕಪ್ ನಿಂತಿರಬಹುದು. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟರೆ ಟ್ಯಾಬ್ ಅದನ್ನೂ ವೈಫೈ ಅಂತಲೇ ತಿಳಿದುಕೊಳ್ಳಬಹುದು, ಆಗ ಫೋನ್‌ನ ದಿನದ ಡೇಟಾ ಬೆಳಗ್ಗೆಯೇ ಖಾಲಿ.

ಹಳೇ ಟ್ಯಾಬ್ ಕೆಲಸದವರ ಮಗುಗೆ ಕೊಡ್ತಿದ್ದೀನಿ. ಫೋಟೊ ಎಲ್ಲಾ ಅಳಿಸಿ ಕೊಡ್ಲಾ?

ಫೋಟೊಗಳನ್ನು ಕೈಯಾರೆ ಅಳಿಸಬೇಡಿ! ಅಕೌಂಟ್ ಇನ್ನೂ ಅದರಲ್ಲೇ ಇದ್ದರೆ ಎಲ್ಲಾ ಕಡೆಯಿಂದ ಅಳಿಸಿದ ಹಾಗೆ ಆಗುತ್ತದೆ. ಮೊದಲು ಬ್ಯಾಕಪ್ ಮುಗಿದಿದೆಯಾ ಅಂತ ಬೇರೆ ಸಾಧನದಲ್ಲಿ ನೋಡಿ. ಆಮೇಲೆ ಅಕೌಂಟ್‌ನಿಂದ ಸೈನ್ ಔಟ್ ಆಗಿ. ಅದಾದ ಮೇಲೆ ಸೆಟ್ಟಿಂಗ್ಸ್‌ನಿಂದ ಫ್ಯಾಕ್ಟರಿ ರೀಸೆಟ್ ಕೊಡಿ. ಸೈನ್ ಔಟ್ ಆಗದೆ ರೀಸೆಟ್ ಮಾಡಿದರೆ, ತಗೊಂಡವರಿಗೆ ನಿಮ್ಮ ಪಾಸ್‌ವರ್ಡ್ ಇಲ್ಲದೆ ಟ್ಯಾಬ್ ತೆರೆಯದಿರಬಹುದು. ಎಸ್‌ಡಿ ಕಾರ್ಡ್ ತೆಗೆದಿಟ್ಟುಕೊಳ್ಳಿ.

ಎಲ್ಲಾ ಫೋಟೊ ಒಂದ್ಸಲ ಹಾರ್ಡ್ ಡಿಸ್ಕ್‌ಗೆ ಹಾಕಿಡಬೇಕು. ಹೇಗೆ?

ತುಂಬಾ ಒಳ್ಳೆಯ ಯೋಚನೆ. ಗೂಗಲ್‌ನಲ್ಲಿ "ಟೇಕ್‌ಔಟ್" ಅಂತ ಸೇವೆ ಇದೆ. ಕಂಪ್ಯೂಟರ್‌ನಲ್ಲಿ ತೆರೆದು ಫೋಟೋಸ್ ಒಂದನ್ನೇ ಆರಿಸಿ. ಅವರು ಎಲ್ಲವನ್ನೂ ಕಟ್ಟು ಕಟ್ಟಿ ಜಿಪ್ ಫೈಲ್‌ಗಳಾಗಿ ಕೊಡುತ್ತಾರೆ. ಕಟ್ಟು ತಯಾರಾಗಲು ಗಂಟೆಗಳೋ ದಿನಗಳೋ ಹಿಡಿಯಬಹುದು, ಆದ ಮೇಲೆ ಮೇಲ್ ಬರುತ್ತದೆ. ಬಿಚ್ಚಿದಾಗ ಫೋಟೊಗಳ ಜೊತೆ ಜೇಸನ್ ಅನ್ನುವ ಚಿಕ್ಕ ಚಿಕ್ಕ ಫೈಲ್‌ಗಳು ಕಾಣುತ್ತವೆ. ಕಸ ಅಂತ ಬಿಸಾಡಬೇಡಿ. ತಾರೀಖು, ಜಾಗ, ನೀವು ಬರೆದ ವಿವರಣೆ ಅವುಗಳಲ್ಲಿರುತ್ತವೆ.

ಟೈಪ್-ಸಿ ಇರುವ ಐಪ್ಯಾಡ್‌ಗೆ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್ ನೇರವಾಗಿ ಸಿಕ್ಕಿಸಬಹುದು. ಫೋಟೋಸ್‌ನಲ್ಲಿ ಆರಿಸಿ, ಫೈಲ್ಸ್ ಆ್ಯಪ್ ಮೂಲಕ ಅದರೊಳಗೆ ಉಳಿಸಬಹುದು. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಗುಡಿಸುವಾಗ ಇದನ್ನೂ ಮಾಡಿ ಮುಗಿಸಿ.

ನಾವು ಹೋದ ಮೇಲೆ ಈ ಫೋಟೊ ಎಲ್ಲಾ ಮಕ್ಕಳಿಗೆ ಸಿಗುತ್ತಾ?

ಈ ಪ್ರಶ್ನೆಯನ್ನು ಹಿರಿಯರು ಮೆಲ್ಲಗೆ, ಎಲ್ಲಾ ಮುಗಿದ ಮೇಲೆ ಕೇಳುತ್ತಾರೆ. ವ್ಯವಸ್ಥೆ ಮಾಡಿಟ್ಟರೆ ಸಿಗುತ್ತದೆ.

ಗೂಗಲ್‌ನಲ್ಲಿ "ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್" ಇದೆ. ಎಷ್ಟು ತಿಂಗಳು ಅಕೌಂಟ್ ಯಾರೂ ಬಳಸದಿದ್ದರೆ ಯಾರಿಗೆ ತಿಳಿಸಬೇಕು, ಅವರಿಗೆ ಏನೇನು ಕೊಡಬೇಕು ಅಂತ ಮೊದಲೇ ಬರೆದಿಡಬಹುದು. ಅಂದಹಾಗೆ, 2 ವರ್ಷ ಬಳಸದ ಅಕೌಂಟನ್ನು ಗೂಗಲ್ ತೆಗೆದುಹಾಕಬಹುದು. ಹಾಗಾಗಿ ಅದಕ್ಕಿಂತ ಕಡಿಮೆ ಅವಧಿ ಇಡಿ. ಆಪಲ್‌ನಲ್ಲಿ "ಲೆಗಸಿ ಕಾಂಟ್ಯಾಕ್ಟ್" ಇದೆ, ಐಪ್ಯಾಡ್ ಓಎಸ್ 15.2ರಿಂದ ಬಂದಿದೆ. ಮಗನನ್ನೋ ಮಗಳನ್ನೋ ಸೇರಿಸಿದರೆ ಒಂದು ಆ್ಯಕ್ಸೆಸ್ ಕೀ ಸಿಗುತ್ತದೆ. ಮುಂದೆ ಅವರು ಆ ಕೀ ಮತ್ತು ಮರಣ ಪ್ರಮಾಣಪತ್ರ ಕೊಟ್ಟು ಕೇಳಬಹುದು. ಕೀಯನ್ನು ಪ್ರಿಂಟ್ ಹಾಕಿಸಿ ಬ್ಯಾಂಕ್ ಪಾಸ್‌ಬುಕ್ ಇಡುವ ಬೀರುವಿನಲ್ಲೇ ಇಡಿ. ಅದು ಅಲ್ಲಿದೆ ಅಂತ ಮಕ್ಕಳಿಗೆ ಹೇಳಿರಿ.